ಧೂಳು ಮೊದಲು, ಯಂತ್ರ ಆಮೇಲೆ

(ಕಳಕ್ಕೂಟಂನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



“ನಿಮ್ಮ ವರ್ಕ್‌ಶಾಪಿಗೆ ಯಾವ ವ್ಯಾಕ್ಯೂಮ್ ಕ್ಲೀನರ್ ತಗೊಂಡಿದ್ದೀರಿ, ಹೆಸರು ಹೇಳಿ, ನಾವೂ ಅದನ್ನೇ ತರಿಸ್ತೀವಿ” ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂರ್ನಾಲ್ಕು ಜನ ಕೇಳಿದ್ದಿರಿ. ಹೆಸರು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಶೆಡ್ಡಿನಲ್ಲಿರುವುದು ಮರದ ಪುಡಿ. ನಿಮ್ಮಲ್ಲಿ ಒಬ್ಬರದು ಹೊಲಿಗೆ ಘಟಕ, ಇನ್ನೊಬ್ಬರದು ಟೆರಾಕೋಟಾ ಒಡವೆ, ಮತ್ತೊಬ್ಬರದು ರೆಸಿನ್ ಕೆಲಸ. ಧೂಳು ಬೇರೆ ಬೇರೆ ಇರುವಾಗ ಯಂತ್ರ ಒಂದೇ ಆಗಲು ಸಾಧ್ಯವಿಲ್ಲ. ಅದಕ್ಕೇ ಅಧ್ಯಕ್ಷರನ್ನು ಕೇಳಿ ಇಪ್ಪತ್ತು ನಿಮಿಷ ಪಡೆದುಕೊಂಡೆ.

“ಕಾರ್ ಶೆಡ್ಡಿನಲ್ಲಿ ಮಾಡುವ ಕೆಲಸಕ್ಕೂ ವರ್ಕ್‌ಶಾಪ್ ಅನ್ನುತ್ತಾರಾ?” ಎಂದು ಯಾರೂ ಹಿಂಜರಿಯಬೇಡಿ. ಇಲ್ಲೇ ಪಕ್ಕದ ತುಂಬಾದಲ್ಲಿ 1963ರ ನವೆಂಬರ್ 21ರಂದು ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದಾಗ, ಅದರ ಸಿದ್ಧತೆಯ ಕೆಲಸ ನಡೆದದ್ದು ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಕಟ್ಟಡದಲ್ಲಿ. ಕೆಲಸ ನಡೆಯುವ ಜಾಗವೇ ಕಾರ್ಯಾಗಾರ. ಅಲ್ಲಿ ಧೂಳು ಇದ್ದೇ ಇರುತ್ತದೆ.

ಆ ಧೂಳಿನ ವಿಷಯ ಮೊದಲು ಹೇಳುತ್ತೇನೆ. ಹತ್ತರಿ ಹೊಡೆದಾಗ ಬರುವ ಸುರುಳಿ ಸಿಪ್ಪೆ ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ಬೀಳುತ್ತದೆ. ಅದರಿಂದ ದೊಡ್ಡ ಅಪಾಯವಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿದಾಗ, ಸ್ಯಾಂಡರ್ ಓಡಿಸಿದಾಗ ಏಳುವ ಹಿಟ್ಟಿನಂಥ ಪುಡಿ ಬೇರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಪುಡಿಯಲ್ಲಿ 10 ಮೈಕ್ರಾನಿಗಿಂತ ಚಿಕ್ಕ ಕಣಗಳೂ ಇರುತ್ತವೆ. ಅವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಉಸಿರಿನ ಜೊತೆ ಒಳಗೆ ಇಳಿಯುತ್ತವೆ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಲಿನ ಕುಹರಗಳಿಗೆ ಬರುವ ಕ್ಯಾನ್ಸರ್ ಅದು. 1997ರಲ್ಲಿ ಸಿಲಿಕಾ ಧೂಳೂ ಅದೇ ಪಟ್ಟಿಗೆ ಸೇರಿತು. ಒಣಗಿದ ಜೇಡಿಮಣ್ಣಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಟೆರಾಕೋಟಾ ಮಾಡುವವರು ಇದನ್ನು ಗಮನದಲ್ಲಿಡಬೇಕು.

ಈಗ ಪೊರಕೆಯ ಮಾತು. ಸಂಜೆ ಕೆಲಸ ಮುಗಿದ ಮೇಲೆ ಶೆಡ್ ಗುಡಿಸುವುದು ಯಾರು? ನನ್ನಲ್ಲಿ ಸಹಾಯಕ್ಕೆ ಬರುವ ಚೇಚಿ ಗುಡಿಸುತ್ತಿದ್ದರು. ನಾನು ಸ್ಯಾಂಡಿಂಗ್ ಮಾಡುವಾಗ ಮಾಸ್ಕ್ ಹಾಕಿಕೊಂಡಿರುತ್ತೇನೆ, ಅವರು ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಗುಡಿಸುತ್ತಿದ್ದರು. ಕೆಳಗೆ ಕೂತ ಸಣ್ಣ ಪುಡಿಯನ್ನು ಪೊರಕೆ ಮತ್ತೆ ಗಾಳಿಗೆ ಎಬ್ಬಿಸುತ್ತದೆ. ದಿನವಿಡೀ ಯಂತ್ರದ ಮುಂದೆ ನಿಂತ ನನಗಿಂತ ಅರ್ಧ ಗಂಟೆ ಗುಡಿಸುವ ಅವರ ಎದೆಗೇ ಹೆಚ್ಚು ಧೂಳು ಹೋಗಬಹುದು. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ, ಧೂಳು ಹುಟ್ಟುವ ಜಾಗದ ಹತ್ತಿರವೇ ಅದನ್ನು ಎಳೆದುಕೊಳ್ಳುವ ವ್ಯವಸ್ಥೆ ಇರಬೇಕೆಂದು ಬರೆದಿತ್ತು. ಆದರೆ ಅಂಥ ಕಾನೂನು ಇಬ್ಬರು ಮೂವರು ಕೆಲಸ ಮಾಡುವ ಮನೆಯ ಶೆಡ್ಡಿನವರೆಗೆ ಬರುವುದಿಲ್ಲ. ನಮ್ಮ ಶೆಡ್ಡಿಗೆ ಇನ್‌ಸ್ಪೆಕ್ಟರ್ ನಾವೇ.

ಇನ್ನು ಯಂತ್ರಕ್ಕೆ ಬರೋಣ. ಲಂಡನ್ನಿನಲ್ಲಿ 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ವ್ಯಾಕ್ಯೂಮ್ ಕ್ಲೀನರ್ ರೂಪಿಸುವ ಮೊದಲು, ಧೂಳನ್ನು ಊದಿ ಹಾರಿಸುವ ಯಂತ್ರವನ್ನು ನೋಡಿದ್ದನಂತೆ. ಊದುವ ಬದಲು ಹೀರಿದರೆ ಹೇಗೆ ಎಂದು ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಉಸಿರೆಳೆದು ನೋಡಿದ. ಬಟ್ಟೆಗೆ ಧೂಳು ಅಂಟಿತು. ಹೀರುವುದರ ಜೊತೆಗೆ ಸೋಸುವುದೂ ಬೇಕು ಎಂಬುದು ಆ ಕರವಸ್ತ್ರದಲ್ಲೇ ಇತ್ತು. ಸೋಸದ ಯಂತ್ರ ಮುಂದಿನ ಬಾಯಿಂದ ಧೂಳು ಎಳೆದು ಹಿಂದಿನಿಂದ ನಿಮ್ಮ ಮುಖಕ್ಕೇ ಊದುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಫಿಲ್ಟರ್ ನೋಡಿ, ಮೋಟಾರ್ ಆಮೇಲೆ.

ನೀರು, ಕಸ ಎರಡನ್ನೂ ಎಳೆಯುವ ‘ವೆಟ್ ಆ್ಯಂಡ್ ಡ್ರೈ’ ಯಂತ್ರಗಳ ಜೊತೆ ಒಂದು ಸ್ಪಂಜಿನ ತೋಳು ಕೊಡುತ್ತಾರೆ. ಅದು ನೀರೆಳೆಯುವಾಗ ಹಾಕಲಿಕ್ಕೆ ಮಾತ್ರ. ಒಣ ಧೂಳಿಗೆ ಮಡಿಕೆ ಮಡಿಕೆಯಾದ ಕಾರ್ಟ್ರಿಜ್ ಫಿಲ್ಟರ್ ಬೇಕು, ಅದರ ಮುಂದೆ ಧೂಳಿನ ಚೀಲವೂ ಇದ್ದರೆ ಒಳ್ಳೆಯದು. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯುತ್ತದೆ. ಯುರೋಪಿನ ಮಾನದಂಡದಲ್ಲಿ ಎಲ್, ಎಂ, ಎಚ್ ಎಂದು ಮೂರು ದರ್ಜೆಗಳಿವೆ. ಎಲ್ ದರ್ಜೆಯಲ್ಲಿ ಶೇಕಡಾ 1ರವರೆಗೆ ಧೂಳು ತಪ್ಪಿಸಿಕೊಳ್ಳಬಹುದು, ಎಂ ದರ್ಜೆಯಲ್ಲಿ ಶೇಕಡಾ 0.1, ಎಚ್ ದರ್ಜೆಯಲ್ಲಿ 0.005. ಮರದ ಪುಡಿಗೆ ಎಂ ಸೂಕ್ತ. ಒಣ ಜೇಡಿಮಣ್ಣಿಗೆ ಮೊದಲ ಆಯ್ಕೆ ಒದ್ದೆ ಬಟ್ಟೆ. ಯಂತ್ರವೇ ಬೇಕೆಂದರೆ ಹೆಪಾ ಅಥವಾ ಎಚ್ ದರ್ಜೆಯದು. ಹೊಲಿಗೆ ಮನೆಯ ದಾರದ ತುಂಡು, ಬಟ್ಟೆ ಚೂರುಗಳಿಗೆ ಇಷ್ಟೆಲ್ಲ ಬೇಡ, ಆದರೆ ಕೊಳವೆ ಅಗಲವಾಗಿರಲಿ. ಸಣ್ಣ ಕೊಳವೆಯಲ್ಲಿ ದಾರ ಗಂಟು ಕಟ್ಟುತ್ತದೆ.

ಬಾಳಿಕೆಯ ಪ್ರಶ್ನೆ ಎಲ್ಲರೂ ಕೇಳುತ್ತೀರಿ. ಮನೆಯ ಸೋಫಾ, ಕಾರ್ಪೆಟ್‌ಗೆಂದು ಮಾಡಿದ ಹಲವು ಕ್ಲೀನರ್‌ಗಳಲ್ಲಿ, ಹೀರಿದ ಗಾಳಿಯೇ ಮೋಟಾರನ್ನು ತಂಪು ಮಾಡಬೇಕು. ಸ್ಯಾಂಡಿಂಗ್ ಪುಡಿ ಹತ್ತು ನಿಮಿಷದಲ್ಲಿ ಫಿಲ್ಟರ್ ಮುಚ್ಚಿದರೆ ಗಾಳಿ ನಿಂತು ಮೋಟಾರ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಕಾರ್ಯಾಗಾರಕ್ಕೆ ಮಾಡಿದ ಯಂತ್ರಗಳಲ್ಲಿ ‘ಬೈಪಾಸ್’ ಮೋಟಾರ್ ಇರುತ್ತದೆ, ಅಂದರೆ ಮೋಟಾರನ್ನು ತಂಪಾಗಿಸುವ ಗಾಳಿಯ ದಾರಿ ಬೇರೆ. ಈ ಒಂದು ಪ್ರಶ್ನೆಯನ್ನು ಅಂಗಡಿಯವರಿಗೆ ಕೇಳದೆ ದುಡ್ಡು ಕೊಡಬೇಡಿ. ಮೋಟಾರಿನ ಕಾರ್ಬನ್ ಬ್ರಷ್‌ಗಳು ಸವೆಯುವ ವಸ್ತು. ಅವನ್ನು ಬದಲಾಯಿಸಲು ಬರುತ್ತದೆಯೇ ಎಂದೂ ಕೇಳಿ.

ಡಬ್ಬದ ಮೇಲಿನ ವಾಟ್ ಸಂಖ್ಯೆಗೆ ಮರುಳಾಗಬೇಡಿ. ಅದು ಯಂತ್ರ ತಿನ್ನುವ ಕರೆಂಟಿನ ಲೆಕ್ಕ, ಮಾಡುವ ಕೆಲಸದ ಲೆಕ್ಕವಲ್ಲ. ಎಳೆಯುವ ಬಲವನ್ನು ಕಿಲೋಪಾಸ್ಕಲ್‌ನಲ್ಲೂ ಗಾಳಿಯ ಹರಿವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದೂ ಕೊಟ್ಟಿರುತ್ತಾರೆ. ಎರಡೂ ಬೇಕು, ಮರದ ಸಿಪ್ಪೆಗೆ ಹರಿವು ಹೆಚ್ಚು ಮುಖ್ಯ. ವಾಟ್ ಸಂಖ್ಯೆ ಉಪಯೋಗಕ್ಕೆ ಬರುವುದು ವೈರಿಂಗ್ ವಿಷಯದಲ್ಲಿ. 1,400 ವಾಟ್‌ಗೆ 230 ವೋಲ್ಟಿನಲ್ಲಿ 6 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚೇ ಕರೆಂಟ್ ಹರಿಯುತ್ತದೆ. ಟೇಬಲ್ ಫ್ಯಾನಿನ 6 ಆಂಪಿಯರ್ ಪ್ಲಗ್ ಪಾಯಿಂಟ್‌ಗೆ ಇದನ್ನು ಚುಚ್ಚಬಾರದು. ಗೀಸರ್‌ಗೆ ಇರುವಂಥ 16 ಆಂಪಿಯರ್ ಪಾಯಿಂಟ್ ಬೇಕು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಇದ್ದರೆ ಪೂರ್ತಿ ಬಿಚ್ಚಿ ಬಳಸಿ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಸಮುದ್ರ ಪಕ್ಕದಲ್ಲೇ ಇದೆ, ಉಪ್ಪಿನ ಗಾಳಿಗೆ ಅಗ್ಗದ ಸ್ಟೀಲ್ ಡ್ರಮ್ ತುಕ್ಕು ಹಿಡಿಯುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಅಥವಾ ದಪ್ಪ ಪ್ಲಾಸ್ಟಿಕ್ ಟ್ಯಾಂಕ್ ಇರಲಿ. ಜೂನ್‌ನಲ್ಲಿ ಒಂದು ಮಳೆ, ಅಕ್ಟೋಬರ್‌ನಲ್ಲಿ ತುಲಾವರ್ಷ. ಒದ್ದೆ ಫಿಲ್ಟರ್ ಹಾಗೇ ಬಿಟ್ಟರೆ ಬೂಸ್ಟು ಬರುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು, ತೊಳೆಯಬಹುದಾದದ್ದಾದರೆ ಒಂದನ್ನು ತೊಳೆದು ಪೂರ್ತಿ ಒಣಗಲು ಬಿಡಿ, ಇನ್ನೊಂದನ್ನು ಬಳಸಿ.

ಫಿಲ್ಟರಿನ ಆಯಸ್ಸು ಹೆಚ್ಚಿಸಲು ಒಂದು ಹಳೆಯ ಉಪಾಯವಿದೆ. ದೊಡ್ಡ ಸಾ ಮಿಲ್ಲುಗಳ ಮೇಲೆ ಶಂಕುವಿನ ಆಕಾರದ ಗೋಪುರ ನೋಡಿರುತ್ತೀರಿ. ಅದರಲ್ಲಿ ಗಾಳಿ ಸುತ್ತುತ್ತದೆ, ಭಾರದ ಪುಡಿ ಅಂಚಿಗೆ ತಾಗಿ ಕೆಳಗೆ ಬೀಳುತ್ತದೆ. ಅದೇ ಸೈಕ್ಲೋನ್. ಅದರ ಪುಟ್ಟ ರೂಪ ಬಕೆಟ್ ಮುಚ್ಚಳದ ಮೇಲೆ ಕೂರುವಂತೆ ಸಿಗುತ್ತದೆ. ಕೊಳವೆಗೂ ಯಂತ್ರಕ್ಕೂ ನಡುವೆ ಇದನ್ನಿಟ್ಟರೆ ಹೆಚ್ಚಿನ ಪುಡಿ ಬಕೆಟ್ಟಿನಲ್ಲೇ ಉಳಿಯುತ್ತದೆ. ಬಕೆಟ್ ದಪ್ಪನೆಯದಿರಲಿ, ತೆಳ್ಳಗಿದ್ದರೆ ಎಳೆತಕ್ಕೆ ಒಳಗೆ ಕುಗ್ಗುತ್ತದೆ.

ಬೆಂಕಿಯ ಬಗ್ಗೆ ಖಂಡಿತ ಎಚ್ಚರ ಬೇಕು. ಕಬ್ಬಿಣ ಉಜ್ಜುವ ಗ್ರೈಂಡರಿನ ಕಿಡಿಯನ್ನು ಮರದ ಪುಡಿ ಇರುವ ಯಂತ್ರದಿಂದ ಎಳೆಯಬಾರದು. ತಿನ್ನರ್, ಪೆಟ್ರೋಲ್ ಚೆಲ್ಲಿದ್ದನ್ನೂ ಎಳೆಯಬಾರದು. ಪ್ಲಾಸ್ಟಿಕ್ ಕೊಳವೆಯಲ್ಲಿ ಒಣ ಪುಡಿ ಓಡುವಾಗ ಕೈಗೆ ಚುರುಕ್ ಎನ್ನುವುದು ಸ್ಥಿರ ವಿದ್ಯುತ್. ಆ್ಯಂಟಿ-ಸ್ಟ್ಯಾಟಿಕ್ ಕೊಳವೆ ಸಿಕ್ಕರೆ ಅದನ್ನೇ ಕೊಳ್ಳಿ.

ದುಡ್ಡಿನ ಲೆಕ್ಕಕ್ಕೆ ಒಂದು ಉದಾಹರಣೆ. ಒಂದು ಯಂತ್ರ 7,000 ರೂಪಾಯಿ, ಬಿಡಿಭಾಗ ಸಿಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಹೊಸದು ಬೇಕು ಎಂದಿಟ್ಟುಕೊಳ್ಳಿ. ಆರು ವರ್ಷಕ್ಕೆ 21,000. ಇನ್ನೊಂದು 12,000, ವರ್ಷಕ್ಕೆ 1,000 ರೂಪಾಯಿಯ ಫಿಲ್ಟರ್. ಆರು ವರ್ಷಕ್ಕೆ 18,000, ಯಂತ್ರವೂ ಓಡುತ್ತಿರುತ್ತದೆ. ಆದ್ದರಿಂದ ಚಾಲ ಬಜಾರಿಗೆ ಹೋದಾಗ ಬೆಲೆ ಕೇಳುವ ಮೊದಲು “ಫಿಲ್ಟರ್, ಸ್ಪೇರ್ ಇವಿಡೆ ಕಿಟ್ಟುಮೋ?” ಎಂದು ಕೇಳಿ. ಇಷ್ಟು ಮಲಯಾಳಂ ನಮಗೆಲ್ಲ ಬರುತ್ತದೆ! “ಆನ್‌ಲೈನ್‌ನಲ್ಲಿ ನೋಡಿ” ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಒಬ್ಬರಿಗೇ ಭಾರವಾದರೆ ಹತ್ತಿರದ ಮೂರು ಮನೆಯವರು ಸೇರಿ ಒಂದು ಕೊಳ್ಳಬಹುದು. ಕೇರಳದಲ್ಲಿ 1998ರಿಂದ ಕುಟುಂಬಶ್ರೀಯ ಹೆಂಗಸರು ನೆರೆಹೊರೆಯ ಗುಂಪು ಕಟ್ಟಿಕೊಂಡು ಇದಕ್ಕಿಂತ ದೊಡ್ಡ ಕೆಲಸಗಳನ್ನೇ ಮಾಡಿದ್ದಾರೆ.

ಯಂತ್ರ ಮನೆಗೆ ಬಂದ ಮೇಲೆ ಬೂತ್‌ನ ಕರವಸ್ತ್ರವನ್ನು ನೆನಪಿಸಿಕೊಳ್ಳಿ. ಹತ್ತು ನಿಮಿಷ ಪುಡಿ ಎಳೆಯುವಾಗ, ಗಾಳಿ ಹೊರಬರುವ ಕಿಂಡಿಯ ಮುಂದೆ, ಅದನ್ನು ಮುಚ್ಚದಂತೆ, ಒಂದು ಬಿಳಿ ಒದ್ದೆ ಬಟ್ಟೆ ಹಿಡಿಯಿರಿ. ಬಟ್ಟೆ ಮಾಸಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸಾಲದು. ಮಾಸದಿದ್ದರೂ ಅತಿ ಸಣ್ಣ ಕಣ ಕಣ್ಣಿಗೆ ಕಾಣದು. ಸ್ಯಾಂಡಿಂಗ್ ಮಾಡುವಾಗ ಎನ್95 ಮಾಸ್ಕ್ ಇರಲೇಬೇಕು. ಒಂದೇ ಅಲ್ಲ, ಎರಡು ಮಾಸ್ಕ್ ಕೊಳ್ಳಿ. ಎರಡನೆಯದು ಶೆಡ್ ಸ್ವಚ್ಛ ಮಾಡುವವರಿಗೆ, ಚೀಲ ಖಾಲಿ ಮಾಡುವವರಿಗೆ.

ಪ್ರಶ್ನೆಗಳಿದ್ದರೆ ಕಾಫಿಯ ಹೊತ್ತಿನಲ್ಲಿ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.