ಪ್ಲಗ್ ಬದಲಿಸಿದ್ರೂ ಮತ್ತೆ ಮಿಸ್ಸಿಂಗ್: ಹಳೇ ಕಾರಿನ ಕಾಯಿಲೆ ಹಿಡಿಯೋದು ಹೇಗೆ?

ಇವತ್ತಿನ ವಿಷಯ ಹತ್ತು, ಹನ್ನೆರಡು ವರ್ಷ ಹಳೇ ಪೆಟ್ರೋಲ್ ಕಾರು ಇಟ್ಕೊಂಡಿರೋರಿಗೆ. ಅಪ್ಪನ ಕಾರು ಇರಬಹುದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಇರಬಹುದು. ಜಾಲಹಳ್ಳಿ ಕ್ರಾಸ್‌ನಿಂದ ಗೊರಗುಂಟೆಪಾಳ್ಯದ ಕಡೆ ಹೊರಟಿದ್ದೀರಿ. ಲಾರಿಗಳ ನಡುವೆ ಸಂದು ಸಿಕ್ತು ಅಂತ ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಜರ್ಕ್ ಹೊಡೆಯುತ್ತೆ, ಪಿಕಪ್ ಇಲ್ಲ. ಗ್ಯಾರೇಜ್‌ಗೆ ಹೋದ್ರೆ ಪ್ಲಗ್ ಬದಲಿಸ್ತಾರೆ. ಒಂದು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ. ದುಡ್ಡು ಹೋಗೋದು ಒಂದು ಕಡೆ, ಲಾರಿ ಮುಂದೆ ಗಾಡಿ ಸೊರಗಿ ನಿಂತ್ರೆ ಜೀವಕ್ಕೇ ಅಪಾಯ.

ಮೊದಲು ಮಿಸ್ಸಿಂಗ್ ಅಂದ್ರೇನು ನೋಡೋಣ. ಎಂಜಿನ್ 3,000 ಆರ್‌ಪಿಎಂನಲ್ಲಿ ಓಡ್ತಿದ್ರೆ ಒಂದೊಂದು ಸಿಲಿಂಡರ್‌ನಲ್ಲೂ ಸೆಕೆಂಡಿಗೆ 25 ಸಲ ಪೆಟ್ರೋಲ್ ಉರಿಯಬೇಕು. ಹಾಗೆ ಉರಿಯೋಕೆ ಮೂರು ಬೇಕು: ಸರಿಯಾದ ಪ್ರಮಾಣದಲ್ಲಿ ಗಾಳಿ-ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಕಂಪ್ರೆಷನ್. ಮೂರರಲ್ಲಿ ಒಂದು ಕೈಕೊಟ್ರೂ ಆ ಸಿಲಿಂಡರ್ ಕೆಲಸ ಮಾಡಲ್ಲ. ಪ್ಲಗ್ ಅನ್ನೋದು ಈ ಮೂರರಲ್ಲಿ ಒಂದರ ಒಂದು ಭಾಗ ಅಷ್ಟೇ. ನಮ್ಮ ಬೆಂಗಳೂರಲ್ಲೇ ಮೈಕೋ ಕಂಪನಿ ದಶಕಗಳ ಕಾಲ ಪ್ಲಗ್ ಮಾಡಿದ್ದರಿಂದ ಆ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೋ ಏನೋ, ಗಾಡಿ ಮಿಸ್ ಆದ್ರೆ ಮೊದಲು ಕೈ ಹೋಗೋದೇ ಪ್ಲಗ್ ಮೇಲೆ.

ಗ್ಯಾರೇಜ್‌ಗೆ ಹೋಗೋ ಮೊದಲು ಒಂದು ವಾರ ಫೋನ್‌ನಲ್ಲಿ ನೋಟ್ ಮಾಡ್ಕೊಳ್ಳಿ: ಮಿಸ್ಸಿಂಗ್ ಯಾವಾಗ ಬರುತ್ತೆ? ಸಿಗ್ನಲ್‌ನಲ್ಲಿ ನಿಂತಾಗ ನಡುಗಿ, ಓಡುವಾಗ ಸರಿಹೋದ್ರೆ, ಎಲ್ಲೋ ಹೋಸ್ ಸೀಳಿ ಹೆಚ್ಚುವರಿ ಗಾಳಿ ಒಳಗೆ ಹೋಗ್ತಿರಬಹುದು. ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಮಾತ್ರ ಬಂದ್ರೆ ಕಿಡಿ ದುರ್ಬಲ ಆಗಿರಬಹುದು. ಯಾಕಂದ್ರೆ ಲೋಡ್ ಹೆಚ್ಚಿದಷ್ಟೂ ಸಿಲಿಂಡರ್ ಒಳಗಿನ ಒತ್ತಡ ಏರುತ್ತೆ, ಕಿಡಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತೆ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಶುರುವಾದ್ರೆ ಕಾಯಿಲ್ ಮೇಲೆ ಅನುಮಾನ ಪಡಿ. ಮಳೆಯಲ್ಲಿ ಮಾತ್ರ ಬಂದ್ರೆ ಕಾಯಿಲ್‌ನ ರಬ್ಬರ್ ಅಥವಾ ಪ್ಲಗ್ ವೈರ್ ಬಿರುಕು ಬಿಟ್ಟಿರಬಹುದು. ಸಿಎನ್‌ಜಿ ಇರೋ ಗಾಡಿಯಲ್ಲಿ ಗ್ಯಾಸ್‌ಗೆ ಹಾಕಿದಾಗ ಮಾತ್ರ ಮಿಸ್ ಆದ್ರೂ ಕಿಡಿಯನ್ನೇ ಮೊದಲು ನೋಡಿ, ಗ್ಯಾಸ್ ಉರಿಸೋಕೆ ಗಟ್ಟಿ ಕಿಡಿ ಬೇಕು.

ಎರಡನೇ ಹೆಜ್ಜೆ, ಯಾವ ಸಿಲಿಂಡರ್ ಅನ್ನೋದು. ಒಬಿಡಿ ಪೋರ್ಟ್ ಇರೋ ಕಾರಾದ್ರೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಆ್ಯಪ್‌ನಲ್ಲಿ ಕೋಡ್ ಓದಬಹುದು. ಪಿ0302 ಅಂತ ಬಂದ್ರೆ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ ಅಂತ. ಪಿ0300 ಬಂದ್ರೆ ಒಂದೇ ಸಿಲಿಂಡರ್ ಅಂತ ಹೇಳೋಕಾಗಲ್ಲ, ಎಲ್ಲಕ್ಕೂ ಸೇರಿದ ಗಾಳಿ, ಪೆಟ್ರೋಲ್ ಕಡೆ ನೋಡಬೇಕು. ಕೋಡ್ ಅಳಿಸೋ ಮೊದಲು ಸ್ಕ್ರೀನ್‌ಶಾಟ್ ತಗೊಳ್ಳಿ. ಆ ಹೊತ್ತಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನೋದೂ ಅಲ್ಲಿ ಉಳಿದಿರುತ್ತೆ. ಒಂದು ಮಾತು ನೆನಪಿಡಿ: ಕೋಡ್ ಹೇಳೋದು ಎಲ್ಲಿ ತೊಂದರೆ ಅಂತ, ಯಾವ ಪಾರ್ಟ್ ಹೋಗಿದೆ ಅಂತ ಅಲ್ಲ.

ಪಾರ್ಟ್ ಪತ್ತೆ ಮಾಡೋಕೆ ಸುಲಭದ ದಾರಿ ಅದಲು ಬದಲು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಎರಡನೇ ಸಿಲಿಂಡರ್‌ನ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿಸಿ. ಕೋಡ್ ಪಿ0303 ಆಯ್ತಾ? ಹಾಗಾದ್ರೆ ಕಾಯಿಲ್ ಕೆಟ್ಟಿದೆ. ಪಿ0302 ಆಗೇ ಉಳಿತಾ? ಕಾಯಿಲ್ ಬಚಾವ್, ಈಗ ಪ್ಲಗ್ ಅದಲು ಬದಲು ಮಾಡಿ. ಅದೂ ಅಲ್ಲ ಅಂದ್ರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಒಂದು ಸಲಕ್ಕೆ ಒಂದೇ ವಸ್ತು. ಮೂರೂ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಸರಿ, ಕಾಯಿಲ್ ಹೋಗಿದೆ ಅಂತ ಗೊತ್ತಾಯ್ತು, ಹೊಸದು ಹಾಕಿದ್ವಿ. ಆರು ತಿಂಗಳಿಗೆ ಅದೂ ಹೋಯ್ತು. ಯಾಕೆ? ಪ್ಲಗ್ ಕೂರೋ ಗುಂಡಿಯೊಳಗೆ ಟಾರ್ಚ್ ಹಾಕಿ ನೋಡಿ. ಹಳೇ ಎಂಜಿನ್‌ಗಳಲ್ಲಿ ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಸೀಲ್ ಬಿಸಿಗೆ ಗಟ್ಟಿಯಾಗಿ, ಆಯಿಲ್ ಸೋರಿ ಅಲ್ಲಿ ನಿಲ್ಲುತ್ತೆ. ಆ ಆಯಿಲ್ ಕಾಯಿಲ್‌ನ ರಬ್ಬರ್ ಅನ್ನು ಹಾಳು ಮಾಡುತ್ತೆ. ಗ್ಯಾಸ್ಕೆಟ್ ಬದಲಿಸದೆ ಎಷ್ಟು ಕಾಯಿಲ್ ಹಾಕಿದ್ರೂ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಅದಕ್ಕೇ ಮೆಕ್ಯಾನಿಕ್‌ಗೆ ಹೇಳಿ, "ಅಣ್ಣ, ಬಿಚ್ಚಿದ ಹಳೇ ಪ್ಲಗ್ ಕೊಡಿ, ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿ." ತುದಿಯಲ್ಲಿ ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಜಿಡ್ಡು ಜಿಡ್ಡಾಗಿದ್ರೆ ಆಯಿಲ್ ಒಳಗೆ ಬರ್ತಿದೆ. ಬೆಳ್ಳಗೆ ಸುಟ್ಟ ಹಾಗಿದ್ರೆ ಪೆಟ್ರೋಲ್ ಸಾಲ್ತಿಲ್ಲ ಅಥವಾ ಬಿಸಿ ಹೆಚ್ಚಾಗಿದೆ. ತಿಳಿ ಕಂದು ಬಣ್ಣ ಇದ್ರೆ ಆರೋಗ್ಯವಾಗಿದೆ.

ಈಗ ಎಲ್ಲದಕ್ಕೂ ಇ20 ಪೆಟ್ರೋಲ್ ಕಾರಣ ಅನ್ನೋರು ತುಂಬಾ ಜನ. ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ, ಹಳೇ ರಬ್ಬರ್ ಹೋಸ್‌ಗೆ ಅದು ಒಳ್ಳೇದಲ್ಲ, ನಿಜ. ಆದ್ರೆ ಒಂದೇ ಸಿಲಿಂಡರ್ ಮಿಸ್ ಆಗ್ತಿದ್ರೆ ಪೆಟ್ರೋಲ್ ಮೇಲೆ ಗೂಬೆ ಕೂರಿಸೋಕಾಗಲ್ಲ. ಎಲ್ಲಾ ಸಿಲಿಂಡರ್‌ಗೂ ಹೋಗೋದು ಅದೇ ಟ್ಯಾಂಕಿನ ಪೆಟ್ರೋಲ್ ಅಲ್ವಾ?

ಒಂದು ಎಚ್ಚರಿಕೆ. ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರೀತಿದ್ರೆ ಬೇಗ ತೋರಿಸಿ. ಮಿಣುಕ್ತಾ ಇದ್ರೆ ಗಾಡಿ ಪಕ್ಕಕ್ಕೆ ಹಾಕಿ, ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ. ಅದು ಕರಗಿದ್ರೆ ಕಾಯಿಲ್‌ಗಿಂತ ಹಲವು ಪಟ್ಟು ಖರ್ಚು.

ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂದಿದ್ದು 1953ರಲ್ಲಿ, ವಾಚ್ ಫ್ಯಾಕ್ಟರಿ 1961ರಲ್ಲಿ. ಅಲ್ಲಿ ಮತ್ತು ಪೀಣ್ಯದ ಶೆಡ್‌ಗಳಲ್ಲಿ ದುಡಿದವರು ಇವತ್ತಿಗೂ ನಿಮ್ಮ ಬೀದೀಲಿ ಇರ್ತಾರೆ. ಅಳೆಯದೆ ಒಂದು ತುಣುಕನ್ನೂ ಪಾಸ್ ಮಾಡದೆ ಇದ್ದವರು ಅವರು. ಪ್ಲಗ್ ಗ್ಯಾಪ್ ಅಳೆಯೋ ಫೀಲರ್ ಗೇಜ್ ಹಿಡಿಯೋದು ಹೇಗೆ ಅಂತ ಅವರನ್ನ ಕೇಳಿ, ಖುಷಿಯಿಂದ ಹೇಳಿಕೊಡ್ತಾರೆ. ಎಷ್ಟು ಗ್ಯಾಪ್ ಇರಬೇಕು ಅನ್ನೋದು ಕಾರಿನ ಮ್ಯಾನುಯಲ್‌ನಲ್ಲೇ ಇರುತ್ತೆ.

ನಿಮ್ಮ ಗಾಡಿ ಯಾವಾಗ ಮಿಸ್ ಆಗುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.