ಮಗುವಿನ ಪ್ರಗತಿ ಪತ್ರ ಓದುವ ಬಗೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಮಕ್ಕಳ ಓದಿನ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನಾನು ಶಿಕ್ಷಕನಲ್ಲ. 34 ವರ್ಷ ಸರ್ಕಾರಿ ಎಂಜಿನಿಯರ್ ಆಗಿ ಕಟ್ಟಡ, ಸೇತುವೆಗಳ ಕೆಲಸ ನೋಡಿಕೊಂಡವನು. ಆದರೆ ಪರೀಕ್ಷೆಯ ವರದಿ ಓದುವುದು ನನ್ನ ನಿತ್ಯದ ಕೆಲಸವಾಗಿತ್ತು. ಆ ಅನುಭವದ ಮೇಲೆ, ಚಿಕ್ಕ ಮಗುವಿನ ಪ್ರಗತಿ ಪತ್ರ ಮನೆಗೆ ಬಂದಾಗ ಅದನ್ನು ಹೇಗೆ ಓದಬೇಕು ಎಂದು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಪಾಸು, ಫೇಲು ಎರಡೇ ಇದ್ದವು. ಈಗಿನ ಪತ್ರ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ: ಮಗುವಿನ ಕಲಿಕೆಯನ್ನು ನಿರಂತರವಾಗಿ, ಸಮಗ್ರವಾಗಿ ಅಳೆಯಬೇಕು, ಮಗು ಭಯ, ಆತಂಕಗಳಿಲ್ಲದೆ ಕಲಿಯುವಂತಿರಬೇಕು. ಇದರಂತೆ ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಪದ್ಧತಿ ಬಂದಿದೆ. ಮೊದಲಿನವು ಪಾಠ ನಡೆಯುತ್ತಿರುವಾಗಲೇ ಮಗು ಎಲ್ಲಿ ನಿಂತಿದೆ ಎಂದು ನೋಡುವುದಕ್ಕೆ. ಎರಡನೆಯವು ಅರ್ಧ ವರ್ಷದ ಕಲಿಕೆಯನ್ನು ಒಟ್ಟಾಗಿ ನೋಡುವುದಕ್ಕೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಶ್ರೇಣಿಯ ವಿಚಾರ. 90ರ ಮೇಲೆ ಎ ಪ್ಲಸ್, 70ರಿಂದ 89ರವರೆಗೆ ಎ, 50ರಿಂದ 69ರವರೆಗೆ ಬಿ ಪ್ಲಸ್, 30ರಿಂದ 49ರವರೆಗೆ ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ಲೆಕ್ಕ ಹಾಕಿ ನೋಡಿ. 70 ತೆಗೆದ ಮಗುವಿಗೂ 89 ತೆಗೆದ ಮಗುವಿಗೂ ಒಂದೇ ಶ್ರೇಣಿ. 69 ಮತ್ತು 70ರ ನಡುವೆ ಇರುವುದು ಒಂದೇ ಅಂಕ, ಆದರೆ ಶ್ರೇಣಿ ಬೇರೆ. ಆ ಒಂದು ಅಂಕಕ್ಕಾಗಿ ಮನೆಯಲ್ಲಿ ಊಟ ಬಿಟ್ಟು ಕೂರುವ ತಾಯಂದಿರನ್ನು ನಾನು ಕಂಡಿದ್ದೇನೆ. ಪಕ್ಕದ ಮನೆಯ ಮಗುವಿನ ಪತ್ರದ ಜೊತೆ ಹೋಲಿಸುವುದಂತೂ ಲೆಕ್ಕದ ದೃಷ್ಟಿಯಿಂದಲೂ ಸರಿಯಲ್ಲ.

ನನ್ನ ಕಸುಬಿನ ಒಂದು ಉದಾಹರಣೆ ಕೊಡುತ್ತೇನೆ. ಕಾಂಕ್ರೀಟ್ ಹಾಕುವಾಗ 15 ಸೆಂಟಿಮೀಟರ್ ಅಳತೆಯ ಕ್ಯೂಬುಗಳನ್ನು ಮಾಡಿ, ಆಮೇಲೆ ಯಂತ್ರದಲ್ಲಿಟ್ಟು ಒತ್ತಿ ಪರೀಕ್ಷಿಸುತ್ತೇವೆ. ಅಂತಿಮ ಪರೀಕ್ಷೆ 28ನೇ ದಿನಕ್ಕೆ. 7ನೇ ದಿನಕ್ಕೂ ಒಮ್ಮೆ ನೋಡುವುದುಂಟು. ಸಾಮಾನ್ಯ ಸಿಮೆಂಟಿನದಾದರೆ ಆಗ ಸುಮಾರು ಮೂರನೇ ಎರಡು ಭಾಗದಷ್ಟು ಬಲ ಬಂದಿರುತ್ತದೆ. 7ನೇ ದಿನದ ವರದಿ ನೋಡಿ ಯಾವ ಎಂಜಿನಿಯರೂ ಸೇತುವೆ ಕೆಡವುವುದಿಲ್ಲ. ಕ್ಯೂರಿಂಗ್ ಸರಿಯಾಗಿ ಆಗುತ್ತಿದೆಯೇ, ನೀರು ಬೀಳುತ್ತಿದೆಯೇ ಎಂದು ಹೋಗಿ ನೋಡುತ್ತಾನೆ. ಒಂದೇ ಕ್ಯೂಬನ್ನು ನಂಬುವುದೂ ಇಲ್ಲ. ಮೂರರ ಸರಾಸರಿ ತೆಗೆಯುತ್ತಾನೆ. ಜಡವಾದ ಕಾಂಕ್ರೀಟಿಗೆ ಇಷ್ಟು ತಾಳ್ಮೆ ತೋರಿಸುವವರು, ಎಂಟು ವರ್ಷದ ಮಗುವಿನ ಒಂದು ಪರೀಕ್ಷೆ ನೋಡಿ ದಡ್ಡ ಎಂದು ತೀರ್ಪು ಕೊಡಬಹುದೇ?

ನನ್ನ ಮೊಮ್ಮಗಳು ಮೂರನೇ ತರಗತಿ. ಕಳೆದ ವರ್ಷ ಗಣಿತದಲ್ಲಿ ಬಿ ಬಂತು. ಮನೆಯಲ್ಲಿ ಟ್ಯೂಷನ್ನಿನ ಮಾತು, ಶಾಲೆ ಬದಲಿಸುವ ಮಾತು ನಡೆದವು. ಮಗು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿತ್ತು. ಮರುದಿನ ನನ್ನ ಹತ್ತಿರ ಬಂದು, "ಅಜ್ಜ, ನಂಗೆ ಲೆಕ್ಕ ಬರಲ್ಲಂತೆ" ಎಂದಿತು. 'ಬರಲ್ಲ' ಎನ್ನಲಿಲ್ಲ, 'ಬರಲ್ಲಂತೆ' ಎಂದಿತು. ದೊಡ್ಡವರ ತೀರ್ಪನ್ನು ಮಗು ಆಗಲೇ ಒಪ್ಪಿಕೊಳ್ಳುತ್ತಿತ್ತು.

ನಾನು ಉತ್ತರ ಪತ್ರಿಕೆ ತರಿಸಿ ನೋಡಿದೆ. ಕೂಡುವ ಲೆಕ್ಕಗಳೆಲ್ಲ ಸರಿ. 58ರಲ್ಲಿ 23 ಕಳೆಯುವಂಥವೂ ಸರಿ. ದಶಕ ತೆಗೆದುಕೊಂಡು ಕಳೆಯಬೇಕಾದವು ಮಾತ್ರ ತಪ್ಪು, ಅವೂ ಒಂದೇ ರೀತಿಯ ತಪ್ಪು. 52ರಲ್ಲಿ 27 ಕಳೆದರೆ 35 ಎಂದು ಬರೆದಿತ್ತು. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲೇ ಎರಡನ್ನು ಕಳೆದಿತ್ತು. ಮಗುವಿಗೆ ಗಣಿತ ಬರುತ್ತಿತ್ತು; ಬಿಡಿ, ಹತ್ತುಗಳ ಸ್ಥಾನಬೆಲೆ ಒಂದು ತಿಳಿದಿರಲಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ತೆಗೆಯಲು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ತಾನೇ ಒಂದು ಕಟ್ಟು ಬಿಚ್ಚಿತು. ಅವಳ ಶಿಕ್ಷಕಿಗೂ ಇದನ್ನು ತಿಳಿಸಿದೆವು. ತರಗತಿಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಇದೇ ತೊಡಕಿದೆ ಎಂದು ಅವರು ಎಲ್ಲರಿಗೂ ಮತ್ತೊಮ್ಮೆ ಕಡ್ಡಿಗಳಲ್ಲಿ ಮಾಡಿಸಿದರು.

ಆದ್ದರಿಂದ ನನ್ನ ವಿನಂತಿ ಇಷ್ಟು. ಪತ್ರ ಬಂದಾಗ ಶ್ರೇಣಿಯ ಜೊತೆಗೆ ಉತ್ತರ ಪತ್ರಿಕೆಯನ್ನೂ ನೋಡಿ. ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂಬುದು ಅಲ್ಲಿದೆ. ಹಾಜರಾತಿಯ ಸಾಲು ಓದಿ. ಜ್ವರವೆಂದು, ಮದುವೆಯೆಂದು ಶಾಲೆ ತಪ್ಪಿದ ದಿನಗಳ ಪಾಠವೇ ಅಂಕದಲ್ಲಿ ಕಡಿಮೆಯಾಗಿರಬಹುದು. ಮಗುವಿಗೆ ಕಪ್ಪು ಹಲಗೆ ಸರಿಯಾಗಿ ಕಾಣುತ್ತದೆಯೇ, ಹೇಳಿದ್ದು ಕೇಳಿಸುತ್ತದೆಯೇ ಎಂದು ವಿಚಾರಿಸಿ. ಹಿಂದಿನ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆ ಮಗುವನ್ನು ಅದರ ನಿನ್ನೆಯ ಜೊತೆ ಮಾತ್ರ ಹೋಲಿಸಿ. ಶಿಕ್ಷಕರನ್ನು ಕಂಡಾಗ "ಯಾಕೆ ಕಡಿಮೆ ಕೊಟ್ಟಿರಿ" ಎನ್ನುವ ಬದಲು "ಮನೆಯಲ್ಲಿ ನಾವು ಏನು ಮಾಡಿಸಬೇಕು" ಎಂದು ಕೇಳಿ. ಈ ಮಾತೆಲ್ಲ ಆಗುವಾಗ ಮಗುವಿನ ಎದುರು ತೀರ್ಪಿನ ಮಾತು ಬೇಡ.

ಕೊನೆಯದಾಗಿ ಒಂದು ಸೂಚನೆ. ತಾವೇ ಓದು ಬಾರದ ತಂದೆ ತಾಯಂದಿರಿಗೆ ಈ ಪತ್ರ ಬರೀ ಸಹಿ ಹಾಕುವ, ಹೆಬ್ಬೆಟ್ಟು ಒತ್ತುವ ಕಾಗದವಾಗಿದೆ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಪತ್ರಗಳು ಬರುವ ತಿಂಗಳಲ್ಲಿ ಒಂದು ಭಾನುವಾರ ನಿವೃತ್ತರಾದ ನಾವು ನಾಲ್ಕು ಜನ ಮಠದ ಜಗಲಿಯಲ್ಲಿ ಕೂತು, ಬಂದವರಿಗೆ ಅದನ್ನು ಓದಿ ಹೇಳೋಣ. ಪೂಜ್ಯರು ಒಪ್ಪಿದರೆ ಬರುವ ಪರೀಕ್ಷೆಯ ನಂತರವೇ ಆರಂಭಿಸಬಹುದು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.