ಫಾರ್ವರ್ಡ್ ಮಾಡುವ ಮುನ್ನ



ಕಳೆದ ರಮಝಾನ್‌ಗೆ ಮುಂಚೆ ನಮ್ಮ ಜಮಾಅತಿನ ವಾಟ್ಸಾಪ್ ಗುಂಪಿಗೆ ಒಂದು ಕನ್ನಡ ಪುಸ್ತಕದ ಪಿಡಿಎಫ್ ಬಂತು. ಒಳ್ಳೆಯ ಪುಸ್ತಕ. ನಾವೂ ‘ಮಾಶಾ ಅಲ್ಲಾಹ್’ ಎಂದು ಇನ್ನೆರಡು ಗುಂಪುಗಳಿಗೆ ಕಳಿಸಿದೆವು. ವಾರದ ಬಳಿಕ ಅದರ ಪ್ರಕಾಶಕರು ಫೋನ್ ಮಾಡಿದರು: “ಉಸ್ತಾದರೇ, ಸಾಲ ಮಾಡಿ ಅಚ್ಚು ಹಾಕಿಸಿದ್ದೆ. ಕಟ್ಟುಗಳು ಹಾಗೆಯೇ ಬಿದ್ದಿವೆ.” ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆವು.

ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ಕುರ್‌ಆನ್ ನಿಷೇಧಿಸಿದೆ. ಸೊತ್ತೆಂದರೆ ಜಮೀನು, ಚಿನ್ನ ಮಾತ್ರವೇ? 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು, ಲೇಖಕರ ಹಕ್ಕಿಗೂ ಶರೀಅತ್‌ನ ರಕ್ಷಣೆ ಇದೆ, ಅದನ್ನು ಅತಿಕ್ರಮಿಸಬಾರದು ಎಂದು ತೀರ್ಮಾನಿಸಿದರು. ಹಿಂದಿನ ಹದೀಸ್ ವಿದ್ಯಾರ್ಥಿಗಳು ಗುರುಗಳಿಂದ ‘ಇಜಾಝತ್’ ಪಡೆದು ಗ್ರಂಥವನ್ನು ಮುಂದಿನವರಿಗೆ ಕಲಿಸುತ್ತಿದ್ದರು. ಅನುಮತಿ ಕೇಳುವುದು ನಮಗೆ ಹೊಸದಲ್ಲ.

ಯುವಕರು ಕೇಳುತ್ತಾರೆ: “ಲೇಖಕರು ತೀರಿಹೋಗಿದ್ದಾರೆ. ಜುಬೈಲ್‌ನಲ್ಲಿರುವ ಅಣ್ಣನಿಗೆ ಆ ಪುಸ್ತಕ ಅಲ್ಲಿ ಸಿಗುವುದಿಲ್ಲ. ಏನು ಮಾಡಲಿ?” ನ್ಯಾಯವಾದ ಪ್ರಶ್ನೆ. ನಮ್ಮ ದೇಶದ ಕಾನೂನಿನಂತೆ, ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ಇತ್ತು. ಟಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ, 1992ರ ತಿದ್ದುಪಡಿಯಲ್ಲಿ ಹತ್ತು ವರ್ಷ ಹೆಚ್ಚಿಸಿದರು. 2023ರಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರ ಕಾದಂಬರಿಗಳ ಹಕ್ಕು 2083ರ ಕೊನೆಯವರೆಗೆ ಇರುತ್ತದೆ. ಅಷ್ಟರಲ್ಲಿ ಇಂದಿನ ಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತಾರೆ! ಈ ಅವಧಿ ಹೆಚ್ಚಾಯಿತೆಂದು ನಮಗೂ ಅನಿಸುತ್ತದೆ. ಮರುಮುದ್ರಣ ಕಾಣದ ಎಷ್ಟೋ ಪುಸ್ತಕಗಳು ಅಷ್ಟರೊಳಗೆ ಗೆದ್ದಲು ಪಾಲಾಗುತ್ತವೆ. ಆದರೆ ಕಾನೂನು ಬದಲಾಗಲಿ ಎಂದು ಕೇಳುವುದು ಬೇರೆ, ಕದ್ದು ಹಂಚುವುದು ಬೇರೆ.

ಕೇಳಿದರೆ ದಾರಿ ತೆರೆಯುತ್ತದೆ ಎನ್ನುವುದಕ್ಕೆ ಸಾಕ್ಷಿಯೂ ಇದೆ. ದೃಷ್ಟಿಯಿಲ್ಲದವರು ಓದಬಲ್ಲ ರೂಪದಲ್ಲಿ ಪುಸ್ತಕದ ಪ್ರತಿ ಮಾಡಿ ದೇಶದಿಂದ ದೇಶಕ್ಕೆ ಕಳಿಸಲು 2013ರ ಮರಾಕೇಶ್ ಒಪ್ಪಂದ ಅವಕಾಶ ಕೊಟ್ಟಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ್ದು ನಮ್ಮ ದೇಶವೇ. ಜುಬೈಲ್‌ನ ಅಣ್ಣನೂ ಪ್ರಕಾಶಕರಿಗೆ ಒಂದು ಮಾತು ಕೇಳಲಿ. ಇ-ಪುಸ್ತಕ ಇದ್ದರೆ ಕೊಳ್ಳಲಿ, ಇಲ್ಲದಿದ್ದರೆ ಊರಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳಲಿ.

ಸಹೋದರರೇ, ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ತೌಬಾ ಮಾಡಬಹುದು. ಮನುಷ್ಯರ ಹಕ್ಕನ್ನಾದರೋ ಆ ಮನುಷ್ಯರಿಗೇ ಮರಳಿಸಬೇಕು. ಆ ಪ್ರಕಾಶಕರ ಪುಸ್ತಕಗಳನ್ನು ತರಿಸಿ ಮಸೀದಿಯ ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದ್ದೇವೆ. ಪಿಡಿಎಫ್ ಓದಿದವರು ಪುಸ್ತಕ ಬೇಡವಾದರೂ ಬೆಲೆಯನ್ನು ಡಬ್ಬಿಗೆ ಹಾಕಿ. ಮೊದಲ ಪ್ರತಿಯ ಹಣ ನಾವು ಹಾಕಿದ್ದೇವೆ.

ಪರರ ಹಕ್ಕಿನ ಹೊರೆ ಹೊತ್ತು ತನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.